ಯಂತ್ರದ ದಿನಚರಿಗೆ ವೇಳೆಯನ್ನು ಬರೆಯುವವರಿಗೆ

ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಹುಬ್ಬಳ್ಳಿಯಲ್ಲಿಯೂ ನಿಯಂತ್ರಕ ಯಂತ್ರಗಳಿಗೆ ಫರ್ಮ್‌ವೇರ್ ಬರೆಯುತ್ತಿರುವ ತರುಣ ಎಂಜಿನಿಯರ್ ಮಿತ್ರರಿಗೆ,

ನೀವು ಬರೆಯುವ ತಂತ್ರಾಂಶವು ಯಾವ ಯಂತ್ರದೊಳಗೆ ನೆಲಸಿ ಹಗಲಿರುಳು ದುಡಿಯುವುದೋ, ಆ ಯಂತ್ರವು ಕೆಟ್ಟು ನಿಂತ ದಿನ ಅದರ ಬಳಿಗೆ ಹೋಗಿ, ಮುಚ್ಚಳವನ್ನು ಬಿಚ್ಚಿ, ಅದರ ನೆನಪಿನಲ್ಲಿ ಉಳಿದ ಘಟನೆಗಳ ಲಾಗನ್ನು ಓದಿ, ನಡೆದುದೇನೆಂಬುದನ್ನು ಅದರ ಒಡೆಯರಿಗೆ ತಿಳಿಸುವ ಕೆಲಸದಲ್ಲಿ ನನ್ನ ಆಯುಷ್ಯದ ಬಹುಭಾಗವು ಸಂದಿದೆ. ನಿಮ್ಮನ್ನು ನಾನು ಕಂಡವನಲ್ಲ. ಆದರೆ ನಿಮ್ಮ ಬರವಣಿಗೆಯನ್ನು ಓದಿದವನು. ಗ್ರಂಥಕರ್ತನಿಗೆ ತನ್ನ ಓದುಗನ ಪರಿಚಯವಿಲ್ಲದಿದ್ದರೂ ಓದುಗನಿಗೆ ಗ್ರಂಥಕರ್ತನ ಸ್ವಭಾವವು ಪುಟಪುಟದಲ್ಲಿಯೂ ಗೋಚರವಾಗುವಂತೆ, ಎಚ್ಚರದಿಂದ ಬರೆದವರಾರು, ಅವಸರದಿಂದ ಬರೆದವರಾರು ಎಂಬುದು ಈ ಲಾಗುಗಳನ್ನು ಓದುವವನಿಗೆ ತಿಳಿಯದೆ ಹೋಗುವುದಿಲ್ಲ. ಆ ಓದುಗನ ಸಲಿಗೆಯಿಂದ ಒಂದು ಬಿನ್ನಹವನ್ನು ನಿಮ್ಮ ಮುಂದಿಡಲು ಈ ಪತ್ರವನ್ನು ಬರೆಯುತ್ತಿದ್ದೇನೆ.

ಬಿನ್ನಹವು ಚಿಕ್ಕದು. ಲಾಗಿನ ಪ್ರತಿಯೊಂದು ದಾಖಲೆಯ ಪಕ್ಕದಲ್ಲಿಯೂ ನೀವು ಬರೆಯುವ ದಿನಾಂಕ, ಗಂಟೆ, ನಿಮಿಷಗಳಿವೆಯಲ್ಲ, ಅವು ನಿಜವೆಂದು ಯಂತ್ರಕ್ಕೆ ಗೊತ್ತಿರುವಾಗ ಮಾತ್ರ ಅವನ್ನು ಬರೆಯಿರಿ. ಗೊತ್ತಿಲ್ಲದಿದ್ದಾಗ ಗೊತ್ತಿಲ್ಲವೆಂದೇ ಬರೆಯಿರಿ. ಇಷ್ಟನ್ನು ಮಾಡುವುದಕ್ಕೆ ಬೇಕಾದುದೆಲ್ಲ ನಿಮ್ಮ ಹಲಗೆಯ ಮೇಲೆಯೇ, ಗಡಿಯಾರದ ಚಿಪ್ಪಿನೊಳಗೇ ಇದೆ. ಅದನ್ನು ಓದಿ ಮುಂದಕ್ಕೆ ಒಪ್ಪಿಸತಕ್ಕ ಡ್ರೈವರಿನಲ್ಲಿ ಮಾತ್ರ ಅದು ಬಹಳ ಸಲ ಕಳೆದುಹೋಗುತ್ತದೆ.

ಹಲವು ವರ್ಷಗಳ ಕೆಳಗೆ ಬಯಲುಸೀಮೆಯ ಹಳ್ಳಿಯೊಂದರಲ್ಲಿ, ಸುತ್ತಲಿನ ನಾಲ್ಕಾರು ಊರುಗಳ ಸಂಜೆಯ ಹಾಲನ್ನು ತಂಪು ಮಾಡಿ ಇರಿಸುವ ಬಲ್ಕ್ ಕೂಲರೊಂದರಲ್ಲಿ ತೊಟ್ಟಿಯ ತುಂಬ ಹಾಲು ಒಂದೇ ರಾತ್ರಿಗೆ ಕೆಟ್ಟುಹೋಯಿತು. ಹಾಲನ್ನು 4 ಡಿಗ್ರಿಗೆ ಇಳಿಸಿ ಬೆಳಗಿನ ಟ್ಯಾಂಕರ್ ಬರುವವರೆಗೆ ಹಾಗೆಯೇ ಉಳಿಸತಕ್ಕದ್ದು ಅದರ ಕೆಲಸ. ಬೆಳಗ್ಗೆ ಮುಚ್ಚಳವನ್ನು ತೆಗೆದರೆ ಹಾಲು ಹುಳಿಯಾಗಿತ್ತು. ನಡುರಾತ್ರಿಯಲ್ಲಿ ಕರೆಂಟು ಹೋಗಿ ಬಂದುದನ್ನು ಎಲ್ಲರೂ ಬಲ್ಲರು. ಬಂದಮೇಲೆ ಯಂತ್ರವು ಏಕೆ ನಡೆಯಲಿಲ್ಲವೆಂಬುದೇ ಪ್ರಶ್ನೆ. ರಾತ್ರಿಯ ಕಾವಲಿಗಿದ್ದ ನೌಕರನು ಸ್ವಿಚ್ಚನ್ನು ಹಾಕದೆ ಮಲಗಿಬಿಟ್ಟನೆಂದು ಮೇಲಿನವರು ಹೇಳಿದರು. ಅವನು ನನ್ನ ಮುಂದೆ ನಿಂತು, “ಮೂರು ಸಲ ಮೋಟ್ರು ಹತ್ತಿತು, ಮೂರು ಸಲವೂ ಟ್ರಿಪ್ ಆಯ್ತು ಸ್ವಾಮಿ, ನಾನು ಮಲಗಿರ್ಲಿಲ್ಲ” ಎಂದನು. ಇಬ್ಬರಲ್ಲಿ ಯಾರ ಮಾತು ನಿಜವೆಂಬುದನ್ನು ಹೇಳಬಲ್ಲ ಮೂರನೆಯ ಸಾಕ್ಷಿಯೊಂದಿತ್ತು; ಅದು ನಿಯಂತ್ರಕದ ಲಾಗು.

ಲ್ಯಾಪ್‌ಟಾಪನ್ನು ಜೋಡಿಸಿ ಆ ಲಾಗನ್ನು ಇಳಿಸಿಕೊಂಡೆ. ತೆರೆದು ನೋಡಿದರೆ ಎಲ್ಲ ದಾಖಲೆಗಳೂ 2000ನೆಯ ಇಸವಿಯ ಜನವರಿ 1ನೆಯ ತಾರೀಕಿನ ಮಧ್ಯರಾತ್ರಿಯಲ್ಲಿ ನಡೆದವಾಗಿದ್ದುವು. ಗಡಿಯಾರಕ್ಕೆ ಆಧಾರವಾಗಿದ್ದ ಬಟನ್ ಸೆಲ್ಲು ಎಂದೋ ಸತ್ತುಹೋಗಿತ್ತು. ಕರೆಂಟು ಹೋದಾಗಲೆಲ್ಲ ಗಡಿಯಾರವು ನಿಂತು, ಬಂದಾಗಲೆಲ್ಲ ತನ್ನ ಹುಟ್ಟುದಿನದಿಂದ ಮತ್ತೆ ಎಣಿಸತೊಡಗುತ್ತಿತ್ತು. ಹೀಗೆ ನಲವತ್ತೋ ಐವತ್ತೋ ರಾತ್ರಿಗಳ ಘಟನೆಗಳು ಒಂದೇ ಸುಳ್ಳುರಾತ್ರಿಯೊಳಕ್ಕೆ ಬಂದು ಸೇರಿದ್ದುವು. ಇದಕ್ಕಿಂತಲೂ ಕಷ್ಟಕರವಾದುದೆಂದರೆ, ಲಾಗನ್ನು ಇಳಿಸಿಕೊಡುವ ತಂತ್ರಾಂಶವು ದಾಖಲೆಗಳನ್ನು ವೇಳೆಯ ಅನುಕ್ರಮದಲ್ಲಿ ವಿಂಗಡಿಸಿ ತೋರಿಸುತ್ತಿದ್ದುದರಿಂದ, ಒಂದು ರಾತ್ರಿಯ ಆರಂಭ, ಇನ್ನೊಂದು ರಾತ್ರಿಯ ಟ್ರಿಪ್ಪು, ಮತ್ತೊಂದು ರಾತ್ರಿಯ ಉಷ್ಣತೆ ಇವೆಲ್ಲವೂ ಇಸ್ಪೀಟಿನ ಎಲೆಗಳಂತೆ ಕಲಸಿಹೋಗಿದ್ದುವು. ಆ ಪಟ್ಟಿಯಿಂದ ಯಾರು ಏನನ್ನು ಬೇಕಾದರೂ ಸಾಧಿಸಬಹುದಾಗಿತ್ತು, ಸಾಧಿಸಿದರು ಕೂಡ. ಹಾಲಿನ ಬೆಲೆಯ ಒಂದು ಭಾಗವನ್ನು ಆ ನೌಕರನ ಸಂಬಳದಲ್ಲಿ ಕಂತುಕಂತಾಗಿ ಹಿಡಿಯುವುದೆಂದು ತೀರ್ಮಾನವಾಯಿತು.

ನನ್ನ ಮನಸ್ಸು ಒಪ್ಪಲಿಲ್ಲ. ಕೆಲವು ವಾರಗಳ ತರುವಾಯ, ಬದಲಾಯಿಸಿ ತಂದಿದ್ದ ಆ ಹಲಗೆಯಿಂದ ಸ್ಮೃತಿಯ ಚಿಪ್ಪನ್ನು ಬಿಡಿಸಿ, ಅದರ ಬೈಟುಗಳನ್ನು ಇದ್ದುದಿದ್ದಂತೆ ಓದಿಕೊಂಡೆ. ಬರೆದ ಕ್ರಮದಲ್ಲಿಯೇ ದಾಖಲೆಗಳು ಅಲ್ಲಿ ಒಂದರ ಬೆನ್ನಿಗೆ ಒಂದು ನಿಂತಿದ್ದುವು. ಕಟ್ಟಕಡೆಯ ಆರಂಭದ ದಾಖಲೆಯ ಅನಂತರ ಕಂಪ್ರೆಸರಿಗೆ ಆಜ್ಞೆ, ಅತಿಭಾರದಿಂದ ನಿಲುಗಡೆ. ಮತ್ತೆ ಆಜ್ಞೆ, ಮತ್ತೆ ನಿಲುಗಡೆ. ಮೂರನೆಯ ಬಾರಿಯೂ ಹಾಗೆಯೇ, ಆಮೇಲೆ ಯಂತ್ರವು ತನ್ನನ್ನು ತಾನೇ ಬಂಧಿಸಿಕೊಂಡಿತ್ತು. ಲೋ ವೋಲ್ಟೇಜಿನಲ್ಲಿ ಮೋಟರು ಎತ್ತಲಾರದೆ ಸೋತಿತ್ತು. ಅವನು ಹೇಳಿದ ಮೂರು ಸಲಗಳೂ ಅಕ್ಷರಶಃ ಅಲ್ಲಿದ್ದುವು. ನಾನು ಆ ಕಾಗದಗಳನ್ನು ಹಿಡಿದು ಹೋಗುವಷ್ಟರಲ್ಲಿ ಅವನು ಕೆಲಸವನ್ನು ಬಿಟ್ಟು ಊರಿನಿಂದಲೇ ಹೊರಟುಹೋಗಿದ್ದನು.

ಈ ಕಥೆಯಲ್ಲಿ ಸೆಲ್ಲು ಸತ್ತುದು ತಪ್ಪಲ್ಲ; ಸೆಲ್ಲುಗಳು ಸಾಯತಕ್ಕವೇ. ಮಲೆನಾಡಿನ ಮಳೆಗಾಲದ ತೇವದಲ್ಲಿ ಸೆಲ್ಲಿನ ಹಿಡಿಯು ಕಿಲುಬು ಹಿಡಿಯುವುದು, ಬಯಲುಸೀಮೆಯ ಬೇಸಗೆಯಲ್ಲಿ ಸೆಲ್ಲು ಬೇಗನೆ ಮುಪ್ಪಾಗುವುದು, ಇವು ಪ್ರಕೃತಿಯ ಕೆಲಸಗಳು. ನನ್ನನ್ನು ಇಂದಿಗೂ ಕಾಡುವ ಸಂಗತಿಯೇ ಬೇರೆ. ಆ ಗಡಿಯಾರದ ಚಿಪ್ಪಿಗೆ ತಾನು ನಿಂತಿದ್ದೆನೆಂಬುದು ಗೊತ್ತಿತ್ತು. ಅದರ ಸ್ಥಿತಿಯ ರಿಜಿಸ್ಟರಿನ ಒಂದು ಬಿಟ್ಟು ಮೇಲೆದ್ದು ನಿಂತು, “ನನ್ನ ಎಣಿಕೆಯು ನಡುವೆ ಕಡಿದಿದೆ, ನನ್ನನ್ನು ನಂಬಬೇಡಿ” ಎಂದು ಪ್ರತಿ ಆರಂಭದಲ್ಲಿಯೂ ಹೇಳುತ್ತಿತ್ತು. ಡ್ರೈವರನ್ನು ಬರೆದವರು ಆ ರಿಜಿಸ್ಟರನ್ನು ಓದಿರಲಿಲ್ಲ.

ಈಗ ಚಿಪ್ಪುಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಬಹುಪಾಲು ಗಡಿಯಾರದ ಚಿಪ್ಪುಗಳ ಹೃದಯವು ಒಂದು ಸೆಕೆಂಡಿಗೆ 32,768 ಸಲ ಕಂಪಿಸುವ ಸಣ್ಣ ಸ್ಫಟಿಕ. ಈ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧಿಸಿದರೆ ಒಂದು ಬರುವುದರಿಂದಲೇ ಅದನ್ನು ಆರಿಸಿಕೊಂಡಿರುವುದು. ಡಿಎಸ್ 3231 ಎಂಬ, ನಿಮ್ಮಲ್ಲಿ ಅನೇಕರು ಬಳಸುವ ಚಿಪ್ಪು ಮೊದಲ ಬಾರಿ ವಿದ್ಯುತ್ತು ದೊರೆತಾಗ 2000ದ ಜನವರಿ 1ರ ಮಧ್ಯರಾತ್ರಿಯಿಂದ ತೊಡಗುತ್ತದೆ. ಆದರೆ ಸ್ಫಟಿಕದ ಕಂಪನವು ನಿಂತಿತ್ತೆಂಬುದನ್ನು ಸೂಚಿಸುವ ಬಿಟ್ಟೊಂದನ್ನು ತನ್ನ ಸ್ಥಿತಿಯ ರಿಜಿಸ್ಟರಿನ ತುದಿಯಲ್ಲಿ ಎತ್ತಿಹಿಡಿದಿರುತ್ತದೆ, ನೀವಾಗಿ ಇಳಿಸುವವರೆಗೂ ಅದು ಇಳಿಯುವುದಿಲ್ಲ. ಪಿಸಿಎಫ್ 8563 ಎಂಬುದರಲ್ಲಿ ಇಂಥದೇ ಬಿಟ್ಟು ಸೆಕೆಂಡಿನ ರಿಜಿಸ್ಟರಿನಲ್ಲಿಯೇ, ಎಲ್ಲಕ್ಕಿಂತ ಮೇಲಿನ ಸ್ಥಾನದಲ್ಲಿದೆ. ಸೆಕೆಂಡನ್ನು ಓದುವವರು ಮೇಲಿನ ಆ ಒಂದು ಬಿಟ್ಟನ್ನು ಮಾಸ್ಕ್ ಮಾಡಿ ತೆಗೆದೇ ಓದಬೇಕು; ತೆಗೆಯುವ ಮೊದಲು ಅದನ್ನೊಮ್ಮೆ ನೋಡಬೇಕೆಂಬುದನ್ನು ಮರೆತರೆ, ಚಿಪ್ಪು ಮಾಡಿದ ತಪ್ಪೊಪ್ಪಿಗೆಯನ್ನು ಅದರ ಬಾಯಿಂದ ಹೊರಟ ಕ್ಷಣದಲ್ಲಿಯೇ ಅಳಿಸಿಹಾಕಿದಂತಾಯಿತು. ಲಿನಕ್ಸಿನಲ್ಲಿ ಇವೆರಡು ಚಿಪ್ಪುಗಳ ಡ್ರೈವರುಗಳೂ ಈ ಬಿಟ್ಟು ಎದ್ದಿರುವುದನ್ನು ಕಂಡರೆ ವೇಳೆಯನ್ನು ಕೊಡದೆ ದೋಷದ ಸಂಕೇತವನ್ನು ಹಿಂದಿರುಗಿಸುತ್ತವೆ. ಅದನ್ನು ಓದಿದ ದಿನ ನನಗೆ, ಬರೆದವರಾರೋ ನನ್ನ ಕಷ್ಟವನ್ನು ಬಲ್ಲವರೆನ್ನಿಸಿತು.

ನಮ್ಮ ನಾಡಿನ ಶಾಸನಗಳನ್ನು ಬರೆಸಿದವರು ಕಾಲವನ್ನು ದಾಖಲಿಸುವ ವಿಷಯದಲ್ಲಿ ಬಹಳ ಎಚ್ಚರದಿಂದಿದ್ದರೆಂದು ನನಗೆ ತೋರುತ್ತದೆ. ಐಹೊಳೆಯ ಮೇಗುಟಿಯ ಬಸದಿಯ ಶಾಸನದಲ್ಲಿ ಕವಿ ರವಿಕೀರ್ತಿಯು ಕಾಲವನ್ನು ಒಂದು ಲೆಕ್ಕದಲ್ಲಿ ಹೇಳಿ ಸುಮ್ಮನಾಗಲಿಲ್ಲ; ಭಾರತಯುದ್ಧದಿಂದ 3735 ವರ್ಷಗಳು ಸಂದವೆಂದೂ ಶಕವರ್ಷಗಳು 556 ಕಳೆದವೆಂದೂ ಎರಡು ಲೆಕ್ಕಗಳನ್ನು ಒಟ್ಟಿಗೆ ಕೆತ್ತಿಸಿದನು. ಅನಂತರದ ಕಾಲದ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಕೆಲವೆಡೆ ಗ್ರಹಣ ಸಂಕ್ರಮಣಗಳೂ ಒಂದರ ಮೇಲೊಂದು ಬರುವುವು. ದಾನಕೊಟ್ಟ ಪುಣ್ಯಕಾಲವನ್ನು ಹೇಳುವುದೇ ಅವರ ಉದ್ದೇಶವಾಗಿದ್ದರೂ, ಅದರ ಫಲವಾಗಿ ಸಾವಿರ ವರ್ಷಗಳ ತರುವಾಯದ ಪಂಡಿತನು ಒಂದನ್ನು ಇನ್ನೊಂದರೊಡನೆ ತಾಳೆನೋಡಿ, ಇಂಥ ದಿನವೆಂದು ಖಚಿತವಾಗಿ ಹೇಳಬಲ್ಲನು, ತಾಳೆಯಾಗದಿದ್ದರೆ ಶಾಸನವನ್ನೇ ಶಂಕಿಸಬಲ್ಲನು. ಕಾಲವನ್ನೇ ನಮೂದಿಸದ ಹಲ್ಮಿಡಿಯ ಶಾಸನವಾದರೋ ಲಿಪಿಯಿಂದಲೂ ಭಾಷೆಯಿಂದಲೂ ಅದರಲ್ಲಿ ಬರುವ ಹೆಸರುಗಳಿಂದಲೂ ವಿದ್ವಾಂಸರು ಕಾಲವನ್ನು ಊಹಿಸಿಕೊಳ್ಳಬೇಕಾಯಿತು, ಆ ಊಹೆಗಳಲ್ಲಿ ಭಿನ್ನಾಭಿಪ್ರಾಯವೂ ಉಳಿಯಿತು. ಆದರೂ ಕಾಲವಿಲ್ಲದ ಹಲ್ಮಿಡಿಯು ಯಾರನ್ನೂ ದಾರಿತಪ್ಪಿಸಲಿಲ್ಲ. ಸುಳ್ಳು ಶಕವರ್ಷವನ್ನು ಹೊತ್ತ ಕೂಟಶಾಸನಗಳು ಮಾಡಿದ ಅನರ್ಥವು ಅದಕ್ಕಿಂತ ಎಷ್ಟೋ ಹೆಚ್ಚಿನದು.

ರವಿಕೀರ್ತಿಯ ಆ ಎರಡು ಲೆಕ್ಕಗಳನ್ನು ನಿಮ್ಮ ಲಾಗಿಗೆ ತಂದುಕೊಳ್ಳಿರೆಂಬುದೇ ನನ್ನ ಬಿನ್ನಹದ ಮುಂದಿನ ಭಾಗ. ಲೋಕದ ಗಡಿಯಾರವು ಒಂದು ಲೆಕ್ಕ. ಯಂತ್ರವು ಎಚ್ಚೆತ್ತ ಗಳಿಗೆಯಿಂದ ತಾನೇ ಎಣಿಸಿಕೊಂಡು ಬಂದ, ಯಾರೂ ಹಿಂದಕ್ಕೆ ತಿರುಗಿಸಲಾರದ ಎಣಿಕೆಯು ಇನ್ನೊಂದು. ಇವುಗಳ ಜೊತೆಗೆ ಎಂದಿಗೂ ಸೊನ್ನೆಗೆ ಮರಳದ ದಾಖಲೆಯ ಕ್ರಮಸಂಖ್ಯೆ, ಇದು ಎಷ್ಟನೆಯ ಬೂಟ್ ಎಂಬ ಸಂಖ್ಯೆ, ಲೋಕದ ವೇಳೆಯು ಎಷ್ಟರಮಟ್ಟಿಗೆ ನಂಬಲರ್ಹವೆಂಬ ಒಂದು ಚಿಹ್ನೆ ಇವಿಷ್ಟಿದ್ದರೆ, ಸೆಲ್ಲು ಸತ್ತರೂ ಗಡಿಯಾರವು ಹುಚ್ಚಾದರೂ ಘಟನೆಗಳ ಪೂರ್ವಾಪರವು ಅಳಿಯುವುದಿಲ್ಲ. ಆ ಹಾಲಿನ ತೊಟ್ಟಿಯ ಲಾಗಿನಲ್ಲಿ ಎರಡು ಬೈಟುಗಳ ಕ್ರಮಸಂಖ್ಯೆಯೊಂದಿದ್ದಿದ್ದರೆ ನಾನು ಚಿಪ್ಪನ್ನು ಬಿಡಿಸಬೇಕಾಗಿರಲಿಲ್ಲ. ಎಣಿಕೆಯ ಅಗಲವನ್ನು ಮಾತ್ರ ಯೋಚಿಸಿ ಇಟ್ಟುಕೊಳ್ಳಿರಿ: 32 ಬಿಟ್ಟುಗಳ ಮಿಲಿಸೆಕೆಂಡಿನ ಎಣಿಕೆಯು 49 ದಿನ 17 ಗಂಟೆಗಳಲ್ಲಿ ತುಂಬಿ ಸೊನ್ನೆಗೆ ಬೀಳುತ್ತದೆ, ವಿಂಡೋಸ್ 95 ಅದೇ ಅವಧಿಯ ಕೊನೆಯಲ್ಲಿ ಸ್ತಬ್ಧವಾಗುತ್ತಿದ್ದುದು ಪ್ರಸಿದ್ಧವಾದ ಸಂಗತಿ.

ಅನುಕರಣೀಯವಾದ ಮಾದರಿಯೊಂದು ಎಲ್ಲರ ಕೈಗೂ ಎಟುಕುವಂತಿದೆ. 1999ರಲ್ಲಿ ಅಮೆರಿಕದ ಲಾಸ್ ಅಲಾಮಸ್ ಪ್ರಯೋಗಾಲಯದಲ್ಲಿ ಲಿನಕ್ಸ್‌ಬಯಾಸ್ ಎಂಬ ಹೆಸರಿನಿಂದ ಹುಟ್ಟಿ, 2008ರಲ್ಲಿ ಕೋರ್‌ಬೂಟ್ ಎಂದು ಹೆಸರು ಬದಲಿಸಿಕೊಂಡ ಮುಕ್ತ ಫರ್ಮ್‌ವೇರಿನಲ್ಲಿ ಘಟನೆಗಳ ಲಾಗೊಂದಿದೆ. ಅದರ ಪ್ರತಿಯೊಂದು ದಾಖಲೆಯ ತಲೆಯಲ್ಲಿ ಘಟನೆಯ ಬಗೆ, ದಾಖಲೆಯ ಉದ್ದ, ಅನಂತರ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು ಹೀಗೆ ಎಂಟೇ ಬೈಟುಗಳು. ಅದು ಗಡಿಯಾರವನ್ನು ನೇರವಾಗಿ ಮುಟ್ಟದೆ ಡ್ರೈವರಿನ ಸಾಮಾನ್ಯ ದ್ವಾರದ ಮೂಲಕ ವೇಳೆಯನ್ನು ಕೇಳುವುದರಿಂದ, ಪಿಸಿಯ ಹಳೆಯ ಸಿಮಾಸ್ ಗಡಿಯಾರವಿದ್ದರೂ ಆರ್ಮ್ ಹಲಗೆಯ ಬೇರೊಂದು ಚಿಪ್ಪಿದ್ದರೂ ಲಾಗಿನ ಬರವಣಿಗೆಯು ಒಂದೇ ಆಗಿರಬಲ್ಲದು. ನನಗೆ ಬಹಳ ಪ್ರಿಯವಾದುದೆಂದರೆ, ಬಂದ ವೇಳೆಯನ್ನು ಅದು ಕಣ್ಣುಮುಚ್ಚಿ ಬರೆಯುವುದಿಲ್ಲ. ತಿಂಗಳು ಹನ್ನೆರಡನ್ನು ಮೀರಿದ್ದರೆ, ಗಂಟೆಯು ಇಪ್ಪತ್ತಮೂರನ್ನು ದಾಟಿದ್ದರೆ, ಎಲ್ಲ ಸ್ಥಾನಗಳಲ್ಲಿಯೂ ಸೊನ್ನೆಯನ್ನು ತುಂಬುತ್ತದೆ. ಸೊನ್ನೆಯ ತಿಂಗಳು, ಸೊನ್ನೆಯ ದಿನ ಪಂಚಾಂಗದಲ್ಲಿಲ್ಲವಾದುದರಿಂದ ಅದನ್ನು ಕಂಡ ಓದುಗನು ಮೋಸಹೋಗಲಾರನು. ಗಡಿಯಾರವು ಮೊದಲಿಗೆ ಮರಳಿತೆಂಬುದನ್ನೇ ಒಂದು ಘಟನೆಯನ್ನಾಗಿ ದಾಖಲಿಸುವ ಏರ್ಪಾಡೂ ಅದರಲ್ಲಿದೆ.

ಓದುವ ಕ್ರಿಯೆಯಲ್ಲಿ ಅಡಗಿರುವ ಅಪಾಯಗಳನ್ನು ನೀವು ಕಲಿತೇ ಇರುತ್ತೀರಿ. ಒಂದೆರಡನ್ನು ಮಾತ್ರ ನೆನಪಿಸುತ್ತೇನೆ. ಚಿಪ್ಪು ಕೊಡುವ 59 ಎಂಬುದು ದಶಕ-ಏಕಕಗಳನ್ನು ನಾಲ್ಕು ನಾಲ್ಕು ಬಿಟ್ಟುಗಳಲ್ಲಿ ಬೇರೆಯಾಗಿ ಬರೆದ ಬಿಸಿಡಿ ರೂಪ. ಬದಲಾಯಿಸದೆ ಹಾಗೆಯೇ ತೆಗೆದುಕೊಂಡರೆ 89ನೆಯ ಸೆಕೆಂಡು ಲಾಗಿನಲ್ಲಿ ಬರುವುದು, ಬಂದುದನ್ನು ನಾನು ಕಂಡಿದ್ದೇನೆ. ಗಂಟೆ, ನಿಮಿಷ, ಸೆಕೆಂಡುಗಳನ್ನು ಬೇರೆಬೇರೆಯಾಗಿ ಓದಿದರೆ 10:59:59ರಿಂದ 11:00:00ಕ್ಕೆ ದಾಟುವ ಹೊಸ್ತಿಲಿನಲ್ಲಿ ಅರ್ಧ ಹಳೆಯದೂ ಅರ್ಧ ಹೊಸದೂ ಸೇರಿ, ಎಂದೂ ಇಲ್ಲದಿದ್ದ ವೇಳೆಯೊಂದು ಹುಟ್ಟಬಹುದು. 1984ರ ಪಿಸಿ ಎಟಿಯಲ್ಲಿದ್ದ ಮೊಟೊರೊಲಾದ ಎಂಸಿ 146818 ಚಿಪ್ಪು ಇದಕ್ಕಾಗಿಯೇ, “ಈಗ ನಾನು ಬದಲಾಗುತ್ತಿದ್ದೇನೆ” ಎನ್ನುವ ಬಿಟ್ಟೊಂದನ್ನು ಇಟ್ಟುಕೊಂಡಿತ್ತು. ಅದು ಇಳಿದಿರುವುದನ್ನು ಕಂಡರೆ ಓದುವುದಕ್ಕೆ ಕನಿಷ್ಠಪಕ್ಷ 244 ಮೈಕ್ರೊಸೆಕೆಂಡುಗಳ ಅವಕಾಶವುಂಟೆಂದು ಅರ್ಥ. ಡಿಎಸ್ 3231ರಂಥವು ಸಂವಾದದ ಪ್ರಾರಂಭದಲ್ಲಿಯೇ ಇಡೀ ವೇಳೆಯ ಪ್ರತಿಯನ್ನು ಬೇರೆ ತೆಗೆದಿಡುವುದರಿಂದ, ಏಳು ಬೈಟುಗಳನ್ನೂ ಒಂದೇ ಉಸಿರಿನಲ್ಲಿ ಓದಿದರೆ ಭಯವಿಲ್ಲ.

ಆ ಒಂದು ಉಸಿರಿಗೂ ಬೆಲೆಯಿದೆ. 100 ಕಿಲೊಹರ್ಟ್ಸಿನ ಐ-ಟು-ಸಿ ತಂತಿಯಲ್ಲಿ ವಿಳಾಸಗಳೂ ಸೇರಿ ಹತ್ತು ಬೈಟುಗಳು ಹರಿಯಬೇಕಾದರೆ ಸುಮಾರು ಒಂದು ಮಿಲಿಸೆಕೆಂಡು ಹಿಡಿಯುತ್ತದೆ. ಮೋಟರು ಅತಿಭಾರದಲ್ಲಿ ಸಿಕ್ಕಿರುವಾಗ, ಇಂಟರಪ್ಟಿನ ಒಳಗೆ ನಿಂತು ಅಷ್ಟು ಹೊತ್ತು ಗಡಿಯಾರವನ್ನು ಕೇಳುತ್ತ ಕೂರುವುದು ವಿವೇಕವಲ್ಲ. ಆರಂಭದಲ್ಲಿ ಒಮ್ಮೆ ಗಡಿಯಾರವನ್ನು ಓದಿ, ಅದೇ ಕ್ಷಣದ ಆಂತರಿಕ ಎಣಿಕೆಯನ್ನು ಅದರ ಪಕ್ಕದಲ್ಲಿ ಬರೆದಿಟ್ಟುಕೊಂಡು, ಆಮೇಲಿನ ಘಟನೆಗಳಿಗೆ ಎಣಿಕೆಯನ್ನಷ್ಟೆ ಹಚ್ಚುತ್ತ ಹೋದರೆ ವೇಳೆಯನ್ನು ಲೆಕ್ಕಹಾಕಿ ಪಡೆಯಬಹುದು. ತಂತಿಯೂ ಡ್ರೈವರೂ ಇನ್ನೂ ಎಚ್ಚರಗೊಂಡಿರದ ಬೂಟಿನ ಮೊದಲ ಕ್ಷಣಗಳ ಘಟನೆಗಳನ್ನೂ ಇದೇ ಉಪಾಯದಿಂದ ಉಳಿಸಿಕೊಳ್ಳಬಹುದು; ಎಷ್ಟೋ ಸಲ ಅವೇ ಅತ್ಯಂತ ಮಹತ್ವದವಾಗಿರುತ್ತವೆ.

ಗಡಿಯಾರವು ನಡೆಯುತ್ತಿದ್ದರೂ ಸರಿಯಾಗಿ ನಡೆಯುತ್ತಿದೆಯೆನ್ನಲಾಗದು. ಸಾಧಾರಣ ಸ್ಫಟಿಕವು ಹತ್ತು ಲಕ್ಷದಲ್ಲಿ ಇಪ್ಪತ್ತು ಪಾಲು ತಪ್ಪುವುದನ್ನು ತಯಾರಕರೇ ಒಪ್ಪಿಕೊಂಡಿರುತ್ತಾರೆ. ಅದು ದಿನಕ್ಕೆ 1.7 ಸೆಕೆಂಡು. ಅದಲ್ಲದೆ 25 ಡಿಗ್ರಿಯಿಂದ ಆಚೀಚೆ ಸರಿದಂತೆ ಅದು ನಿಧಾನವಾಗುತ್ತ ಹೋಗುತ್ತದೆ, ಅದೂ ಅಂತರದ ವರ್ಗಕ್ಕೆ ಅನುಗುಣವಾಗಿ. ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ಪಂಪಿನ ಮನೆಯ ತಗಡಿನ ಪೆಟ್ಟಿಗೆಯೊಳಗೆ 65 ಡಿಗ್ರಿಯಾಯಿತೆಂದರೆ, ಅಲ್ಲಿರುವ ಗಡಿಯಾರವು ದಿನಕ್ಕೆ ನಾಲ್ಕೂವರೆ ಸೆಕೆಂಡಿಗೂ ಹೆಚ್ಚಾಗಿ ಹಿಂದೆ ಬೀಳುವುದು. ನಿಮ್ಮ ಕಾರ್ಯಾಲಯದ ಹವಾನಿಯಂತ್ರಿತ ಕೊಠಡಿಯ ಮೇಜಿನ ಮೇಲೆ ಈ ಸಂಗತಿಯು ಎಂದೂ ಪ್ರತ್ಯಕ್ಷವಾಗದು. ಉಷ್ಣತೆಯನ್ನು ತಾನೇ ಅಳೆದು ತಿದ್ದಿಕೊಳ್ಳುವ ಡಿಎಸ್ 3231ರ ದೋಷವು 40 ಡಿಗ್ರಿಯವರೆಗೆ ವರ್ಷಕ್ಕೆ ಸುಮಾರು ಒಂದು ನಿಮಿಷದೊಳಗೆ ನಿಲ್ಲುತ್ತದೆ. ಖರ್ಚು ಹೆಚ್ಚು, ಆದರೆ ನನ್ನನ್ನು ಕೇಳಿದರೆ ಆ ಖರ್ಚು ಸಾರ್ಥಕವಾದುದು.

ಒಂದೇ ಯಂತ್ರದ ಲಾಗನ್ನು ಓದುವಾಗ ಈ ಕೆಲವು ಸೆಕೆಂಡುಗಳು ಉಪೇಕ್ಷಿಸತಕ್ಕವಾಗಿ ಕಾಣಬಹುದು. ಎರಡು ಯಂತ್ರಗಳ ಲಾಗುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಯಾವುದು ಮೊದಲು ಬಿದ್ದಿತೆಂದು ಕೇಳಿದಾಗ ಅವುಗಳ ತೂಕವು ತಿಳಿಯುವುದು. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗದಲ್ಲಿಯೂ ಕೆನಡದ ಒಂಟಾರಿಯೊದಲ್ಲಿಯೂ ಸುಮಾರು ಐದು ಕೋಟಿ ಜನರು ವಿದ್ಯುತ್ತಿಲ್ಲದೆ ಕತ್ತಲಲ್ಲಿ ಉಳಿದ ಅನಂತರ, ಎರಡೂ ದೇಶಗಳ ತನಿಖಾಮಂಡಲಿಯು ಸಾವಿರಾರು ಘಟನೆಗಳನ್ನು ಕ್ರಮವಾಗಿ ಜೋಡಿಸಲು ಹೊರಟಿತು. ಅನೇಕ ಉಪಕರಣಗಳ ಗಡಿಯಾರಗಳು ಯಾವ ಪ್ರಮಾಣಕಾಲಕ್ಕೂ ಹೊಂದಿಕೆಯಾಗಿರಲಿಲ್ಲವಾದ್ದರಿಂದ, ಒಂದರ ದಾಖಲೆಯನ್ನು ಇನ್ನೊಂದರೊಡನೆ ಹೊಂದಿಸುವುದೇ ಅವರಿಗೆ ಮಹಾಶ್ರಮದ ಕೆಲಸವಾಯಿತು. ವೇಳೆಯು ಒಂದಕ್ಕೊಂದು ಹೊಂದಿಕೊಂಡಿರುವ ದಾಖಲೆಯ ಯಂತ್ರಗಳನ್ನೇ ಕಡ್ಡಾಯವಾಗಿ ಬಳಸತಕ್ಕದ್ದೆಂದು ಆ ಮಂಡಲಿಯು 2004ರ ತನ್ನ ವರದಿಯಲ್ಲಿ ಶಿಫಾರಸು ಮಾಡಿತು.

ಆದುದರಿಂದ ಮೊಬೈಲಿನ ಜಾಲದಿಂದಲೋ ಉಪಗ್ರಹದಿಂದಲೋ ನಿಮ್ಮ ಯಂತ್ರಕ್ಕೆ ಸರಿಯಾದ ವೇಳೆಯು ದೊರೆತಾಗ ಗಡಿಯಾರವನ್ನು ತಿದ್ದುವುದು ಯುಕ್ತವೇ. ತಿದ್ದಿದುದನ್ನೂ ಲಾಗಿನಲ್ಲಿ ಬರೆಯಿರಿ: ಹಳೆಯ ವೇಳೆ ಇಷ್ಟು, ಹೊಸ ವೇಳೆ ಇಷ್ಟು, ಹೊಸದು ಬಂದುದು ಇಂಥ ಮೂಲದಿಂದ. ಈ ಒಂದು ಸಾಲಿದ್ದರೆ ಹಿಂದಿನ ದಾಖಲೆಗಳನ್ನೆಲ್ಲ ಓದುಗನು ತಾನೇ ತಿದ್ದಿಕೊಳ್ಳಬಲ್ಲನು. ಇಲ್ಲದಿದ್ದರೆ ಲಾಗು ನಡುವೆ ಮೂರು ಗಂಟೆ ಹಿಂದಕ್ಕೆ ಹಾರಿದ್ದೇಕೆಂದು ತಲೆಯ ಮೇಲೆ ಕೈಹೊತ್ತು ಕೂರಬೇಕಾಗುವುದು. ಒಳಗಿನ ವೇಳೆಯು ಯುಟಿಸಿಯಲ್ಲಿರಲಿ. ಐದೂವರೆ ಗಂಟೆಯನ್ನು ಕೂಡಿಸಿ ತೋರಿಸುವುದು ಪರದೆಯ ಕೆಲಸ. ಇಡೀ ದೇಶಕ್ಕೆ ಒಂದೇ ಕಾಲವಿರುವ ನಾಡಿನಲ್ಲಿ ಬೆಳೆದ ನಾವು ಇದನ್ನು ಮರೆಯುವುದು ಸುಲಭ. ಆದರೆ ನೀವು ಮಾಡಿದ ಯಂತ್ರಗಳು ದುಬೈಗೂ ನೈರೋಬಿಗೂ ಹೋಗುವ ದಿನಗಳಿವು.

ಗಡಿಯಾರದ ಡ್ರೈವರನ್ನು ತಂಡಕ್ಕೆ ಹೊಸದಾಗಿ ಸೇರಿದವರಿಗೆ, ಕೆಲಸವು ಮುಗಿಯುವ ವಾರದಲ್ಲಿ ಒಪ್ಪಿಸುವ ವಾಡಿಕೆಯನ್ನು ಹಲವೆಡೆ ಕಂಡಿದ್ದೇನೆ. ಇನ್ನೂರು ಸಾಲಿನ ಕೆಲಸ, ಯಾವ ಕಷ್ಟವೂ ಇಲ್ಲವೆಂದು ಹಿರಿಯರು ಭಾವಿಸುತ್ತಾರೆ. ಹಾಗೆ ಒಪ್ಪಿಸಿಕೊಂಡವರು ಯಾರಾದರೂ ಈ ಪತ್ರವನ್ನು ಓದುತ್ತಿದ್ದರೆ ಅವರಲ್ಲಿ ನನ್ನದೊಂದು ಕೋರಿಕೆ. ಹಲಗೆಯು ನಿಮ್ಮ ಮೇಜಿಗೆ ಬಂದಾಗ ಸೆಲ್ಲನ್ನು ತೆಗೆದಿಡಿರಿ; ಸಂಜೆಯಿಂದ ಬೆಳಗಿನವರೆಗೆ ನಾಲ್ಕೈದು ಬಾರಿ ವಿದ್ಯುತ್ತನ್ನು ತೆಗೆದು ಹಾಕಿರಿ; ನಡುನಡುವೆ ಮೋಟರನ್ನು ಟ್ರಿಪ್ ಮಾಡಿಸಿರಿ; ಒಮ್ಮೆ ಗಡಿಯಾರವನ್ನು ತಿದ್ದಿರಿ. ಬೆಳಗ್ಗೆ ಆ ಲಾಗನ್ನು, ರಾತ್ರಿ ಅಲ್ಲಿರದಿದ್ದ ಸಹೋದ್ಯೋಗಿಯೊಬ್ಬರ ಕೈಗೆ ಕೊಟ್ಟು, ಏನೇನು ಯಾವ ಕ್ರಮದಲ್ಲಿ ನಡೆಯಿತೆಂದು ಹೇಳಿರೆಂದು ಕೇಳಿರಿ. ಅವರು ಹೇಳಿದುದು ನೀವು ಮಾಡಿದುದಕ್ಕೆ ತಾಳೆಯಾಗುವವರೆಗೂ ಆ ಹಲಗೆಯನ್ನು ಹಳ್ಳಿಗೆ ಕಳುಹಿಸಬೇಡಿ.

ಇಂತು ನಿಮ್ಮ ವಿಶ್ವಾಸಿ,
ನಿವೃತ್ತನಾದ ಒಬ್ಬ ದುರಸ್ತಿಯ ಎಂಜಿನಿಯರ್